ನಮ್ಮ ಪರ ನಿಲ್ಲುವ ವಕೀಲರನ್ನು ಆರಿಸುವ ಬಗೆ: ಕಕ್ಷಿದಾರರೊಬ್ಬರ ವಿಮರ್ಶೆ

ವಕೀಲರ ಸೇವೆಯನ್ನು ವಿಮರ್ಶಿಸುವುದರಲ್ಲಿ ಒಂದು ತೊಡಕಿದೆ. ಮೊಕದ್ದಮೆ ಗೆದ್ದಾಗ ಅದು ವಕೀಲರ ಜಾಣ್ಮೆಯಿಂದ ಗೆದ್ದದ್ದೋ, ದಾಖಲೆಗಳೇ ಮೊದಲಿನಿಂದ ನಮ್ಮ ಕಡೆಗಿದ್ದವೋ ಎಂಬುದನ್ನು ಕಕ್ಷಿದಾರರು ಖಚಿತವಾಗಿ ಹೇಳಲಾರರು. ಸೋತಾಗಲೂ ಅಷ್ಟೇ, ತಪ್ಪು ವಕೀಲರದೋ, ಕಾನೂನೇ ಎದುರು ಪಕ್ಷದ ಕಡೆಗೆ ವಾಲಿತ್ತೋ ಎಂಬುದು ಹೊರಗಿನವರಿಗೆ ತಿಳಿಯುವುದಿಲ್ಲ. ಆದ್ದರಿಂದ ಗೆಲುವು ಸೋಲುಗಳ ಲೆಕ್ಕ ಹಿಡಿದು ವಕೀಲರನ್ನು ಅಳೆಯುವ ರೂಢಿಯನ್ನು ನಾನು ಒಪ್ಪುವುದಿಲ್ಲ. ನನ್ನ ಸೋದರತ್ತೆಯೊಬ್ಬರು ಬರೆದಿಟ್ಟುಹೋದ ಉಯಿಲಿನ ಬಗ್ಗೆ ಅವರ ಉಳಿದ ಸಂಬಂಧಿಕರು ತಕರಾರು ಎತ್ತಿದಾಗ ನಾನು ಹಲವು ವಕೀಲರ ಕಚೇರಿಗಳಿಗೆ ಹೋಗಿ, ಅವರೊಡನೆ ಕುಳಿತು ಮಾತನಾಡಿ, ಕೊನೆಗೆ ಒಬ್ಬರಿಗೆ ವಕಾಲತ್ತು ಬರೆದುಕೊಟ್ಟೆ. ಆ ಓಡಾಟದಲ್ಲಿ ನನಗೆ ಮನದಟ್ಟಾದದ್ದು ಇಷ್ಟು: ವಕೀಲರ ಯೋಗ್ಯತೆ ಬಹುಮಟ್ಟಿಗೆ ಮೊದಲ ಭೇಟಿಯಲ್ಲೇ ಕಾಣಿಸಿಕೊಳ್ಳುತ್ತದೆ. ನಮ್ಮ ಪ್ರಕರಣದ ದೌರ್ಬಲ್ಯಗಳ ಬಗ್ಗೆ ಅವರು ಏನು ಹೇಳುತ್ತಾರೆ, ಹೇಳಿದ್ದರಲ್ಲಿ ಎಷ್ಟನ್ನು ಬರವಣಿಗೆಯಲ್ಲಿ ಕೊಡಲು ಸಿದ್ಧರಿದ್ದಾರೆ ಎಂಬ ಎರಡು ಸಂಗತಿಗಳನ್ನು ಗಮನಿಸಿದರೆ ಉಳಿದದ್ದರ ಅಂದಾಜು ಸಿಗುತ್ತದೆ.

ಹುಡುಕಾಟದ ದಾರಿಗಳನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ಹೆಚ್ಚಿನವರು ಇಲ್ಲಿಯೇ ಬಹಳ ಹೊತ್ತು ಕಳೆಯುತ್ತಾರೆ ಮತ್ತು ಇಲ್ಲಿ ಸಿಗುವ ಮಾಹಿತಿಯ ತೂಕ ಕಡಿಮೆ. ಬಂಧುಬಳಗದವರು ಸೂಚಿಸುವ ಹೆಸರುಗಳಲ್ಲಿ ಪ್ರಾಮಾಣಿಕತೆಯ ಭರವಸೆ ಇರುತ್ತದೆಯೇ ಹೊರತು ನಮ್ಮ ವಿಷಯದಲ್ಲಿ ಅವರಿಗಿರುವ ಪರಿಣತಿಯ ಭರವಸೆ ಇರುವುದಿಲ್ಲ. ಅಪಘಾತ ಪರಿಹಾರದ ಪ್ರಕರಣವನ್ನು ಸೊಗಸಾಗಿ ನಡೆಸಿಕೊಟ್ಟವರು ಉಯಿಲಿನ ವಿವಾದವನ್ನೂ ಅಷ್ಟೇ ಚೆನ್ನಾಗಿ ನಡೆಸುತ್ತಾರೆ ಎನ್ನಲಾಗದು. ಜಾಹೀರಾತುಗಳ ವಿಷಯದಲ್ಲಿ ದೇಶದಿಂದ ದೇಶಕ್ಕೆ ನಿಯಮವೇ ಬೇರೆ. ಅಮೆರಿಕದ ಸುಪ್ರೀಂ ಕೋರ್ಟ್ 1977ರಲ್ಲಿ ಬೇಟ್ಸ್ ಪ್ರಕರಣದ ತೀರ್ಪಿನ ಮೂಲಕ ವಕೀಲರ ಜಾಹೀರಾತಿಗೆ ಬಾಗಿಲು ತೆರೆಯಿತು. ಭಾರತದಲ್ಲಿ ವಕೀಲಿ ವೃತ್ತಿಯನ್ನು ನಿಯಂತ್ರಿಸುವ ಬಾರ್ ಕೌನ್ಸಿಲ್‌ನ 36ನೇ ನಿಯಮ ಅದನ್ನು ನಿಷೇಧಿಸಿದೆ, 2008ರ ತಿದ್ದುಪಡಿಯ ನಂತರ ಹೆಸರು, ವಿಳಾಸ, ನೋಂದಣಿ ಸಂಖ್ಯೆಯಂಥ ಸೀಮಿತ ವಿವರಗಳನ್ನು ಮಾತ್ರ ಸ್ವಂತ ಜಾಲತಾಣದಲ್ಲಿ ಹಾಕಿಕೊಳ್ಳಬಹುದು. ಹಾಗಾಗಿ ಜಾಹೀರಾತು ಇಲ್ಲದಿರುವುದು ಒಂದೆಡೆ ಸಹಜ, ಇನ್ನೊಂದೆಡೆ ಜಾಹೀರಾತು ಇರುವುದೂ ಸಹಜ. ಎರಡರಿಂದಲೂ ವಕೀಲರ ಗುಣಮಟ್ಟದ ಬಗ್ಗೆ ಏನೂ ತಿಳಿಯುವುದಿಲ್ಲ. ಅಂತರ್ಜಾಲದ ನಕ್ಷತ್ರಗಳ ರೇಟಿಂಗನ್ನು ಓದುವಾಗ ಒಂದು ಮಾತು ನೆನಪಿರಲಿ: ಕಕ್ಷಿದಾರರ ಗೋಪ್ಯತೆಯನ್ನು ಕಾಪಾಡುವ ಕರ್ತವ್ಯಕ್ಕೆ ಕಟ್ಟುಬಿದ್ದಿರುವ ವಕೀಲರು ತಮ್ಮ ಮೇಲಿನ ದೂರಿಗೆ ಪ್ರಕರಣದ ವಿವರಗಳನ್ನು ಬಿಚ್ಚಿಟ್ಟು ಸಾರ್ವಜನಿಕವಾಗಿ ಉತ್ತರ ಕೊಡುವಂತಿಲ್ಲ. ಅಲ್ಲಿ ನಾವು ಓದುವುದು ಯಾವಾಗಲೂ ಒಂದೇ ಕಡೆಯ ಮಾತು.

ನನಗೆ ನಿಜವಾಗಿ ಪ್ರಯೋಜನವಾದ ದಾರಿ ಬೇರೆಯದು. ನಮಗೆ ಪರಿಚಯವಿದ್ದ, ಆದರೆ ಉತ್ತರಾಧಿಕಾರದ ಪ್ರಕರಣಗಳನ್ನು ನಡೆಸದ ವಕೀಲರೊಬ್ಬರನ್ನು ಕಂಡು, ತಮ್ಮ ಸ್ವಂತ ಮನೆಯಲ್ಲಿ ಇಂಥ ತಕರಾರು ಬಂದರೆ ಯಾರ ಬಳಿಗೆ ಹೋಗುತ್ತೀರಿ ಎಂದು ಕೇಳಿದೆ. ವಕೀಲರ ಕೆಲಸವನ್ನು ದಿನವೂ ಹತ್ತಿರದಿಂದ ನೋಡುವವರು ಇನ್ನೊಬ್ಬ ವಕೀಲರೇ. ಯಾರು ಕಾಗದಪತ್ರಗಳನ್ನು ಓದಿಕೊಂಡು ಬರುತ್ತಾರೆ, ಯಾರು ವಾಯಿದೆಯ ಮೇಲೆ ವಾಯಿದೆ ಕೇಳುತ್ತಾರೆ, ಎದುರು ಪಕ್ಷದ ಸಾಕ್ಷಿಗಳನ್ನು ಪ್ರಶ್ನಿಸುವ ಪಾಟೀಸವಾಲಿನಲ್ಲಿ ಯಾರ ತಯಾರಿ ಇರುತ್ತದೆ ಎಂಬುದು ಅವರಿಗೆ ಗೊತ್ತಿರುತ್ತದೆ. ಆ ಪ್ರಶ್ನೆಗೆ ಸಿಕ್ಕ ಹೆಸರುಗಳು ಬಂಧುಗಳು ಕೊಟ್ಟ ಪಟ್ಟಿಯಲ್ಲಿ ಒಂದೂ ಇರಲಿಲ್ಲ.

ಹೆಸರು ಸಿಕ್ಕ ಮೇಲೆ ಸನ್ನದನ್ನು, ಅಂದರೆ ವಕೀಲಿಕೆ ಮಾಡುವ ಪರವಾನಗಿಯನ್ನು, ಪರಿಶೀಲಿಸಬೇಕು. ಇದನ್ನು ಕೇಳಲು ಸಂಕೋಚಪಡುವವರೇ ಹೆಚ್ಚು, ಆದರೆ ಇದು ಅವಮಾನದ ವಿಷಯವಲ್ಲ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಕಕ್ಷಿದಾರರಿಗೆ ನೇರವಾಗಿ ಸಲಹೆ ಕೊಟ್ಟು ಕಾಗದಪತ್ರ ನೋಡಿಕೊಳ್ಳುವ ಸಾಲಿಸಿಟರುಗಳ ಹೆಸರನ್ನು ಸಾಲಿಸಿಟರ್ಸ್ ರೆಗ್ಯುಲೇಷನ್ ಅಥಾರಿಟಿಯ ನೋಂದಣಿಯಲ್ಲಿ, ಮುಖ್ಯವಾಗಿ ನ್ಯಾಯಾಲಯದಲ್ಲಿ ವಾದಿಸುವ ಬ್ಯಾರಿಸ್ಟರುಗಳ ಹೆಸರನ್ನು ಬಾರ್ ಸ್ಟ್ಯಾಂಡರ್ಡ್ಸ್ ಬೋರ್ಡಿನ ನೋಂದಣಿಯಲ್ಲಿ ಯಾರು ಬೇಕಾದರೂ ನೋಡಬಹುದು. ಅಮೆರಿಕದಲ್ಲಿ ಪ್ರತಿ ರಾಜ್ಯವೂ ಪ್ರತ್ಯೇಕವಾಗಿ ಸನ್ನದು ಕೊಡುತ್ತದೆ. ಕ್ಯಾಲಿಫೋರ್ನಿಯಾದ ಸ್ಟೇಟ್ ಬಾರ್‌ನ ಪಟ್ಟಿಯಲ್ಲಿ ವಕೀಲರ ಹೆಸರಿನ ಜೊತೆಗೆ ಅವರ ಮೇಲೆ ಶಿಸ್ತುಕ್ರಮ ನಡೆದಿದ್ದರೆ ಅದೂ ಕಾಣುತ್ತದೆ. ಭಾರತದಲ್ಲಿ 1961ರ ಅಡ್ವೊಕೇಟ್ಸ್ ಕಾಯ್ದೆಯ ಪ್ರಕಾರ ರಾಜ್ಯದ ಬಾರ್ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡವರು ಮಾತ್ರ ನ್ಯಾಯಾಲಯದಲ್ಲಿ ವಕಾಲತ್ತು ನಡೆಸಬಹುದು, ಅವರಿಗೆ ನೋಂದಣಿ ಸಂಖ್ಯೆ ಇದ್ದೇ ಇರುತ್ತದೆ. ಇಷ್ಟಾದರೂ ನೋಂದಣಿಯಿಂದ ತಿಳಿಯುವುದು ವಕೀಲಿಕೆ ಮಾಡುವ ಹಕ್ಕು ಅವರಿಗಿದೆ ಎಂಬುದಷ್ಟೇ.

ಪರಿಣತಿಯ ವಿಷಯದಲ್ಲಿ ಜರ್ಮನಿಯ ಏರ್ಪಾಡು ನನಗೆ ಬಹಳ ಮೆಚ್ಚಿಗೆಯಾಯಿತು. ಅಲ್ಲಿ ಉತ್ತರಾಧಿಕಾರ, ಕುಟುಂಬ, ಕಾರ್ಮಿಕ ಕಾನೂನು ಮುಂತಾದ ಕ್ಷೇತ್ರಗಳಲ್ಲಿ ತಜ್ಞ ವಕೀಲ ಎಂಬ ಬಿರುದನ್ನು ಬಳಸಬೇಕಾದರೆ ವಿಶೇಷ ತರಬೇತಿ ಪಡೆದಿರಬೇಕು, ಆ ಕ್ಷೇತ್ರದ ನಿಗದಿತ ಸಂಖ್ಯೆಯ ಪ್ರಕರಣಗಳನ್ನು ಸ್ವತಃ ನಡೆಸಿರುವುದನ್ನು ವಕೀಲರ ಮಂಡಳಿಗೆ ತೋರಿಸಿ ಅನುಮತಿ ಪಡೆದಿರಬೇಕು. ಇಂಥ ವ್ಯವಸ್ಥೆ ಇಲ್ಲದ ಕಡೆ ಆ ಪರೀಕ್ಷೆಯನ್ನು ನಾವೇ ಮಾಡಬೇಕಾಗುತ್ತದೆ. ಇತ್ತೀಚೆಗೆ ಈ ಬಗೆಯ ಎಷ್ಟು ಪ್ರಕರಣ ನಡೆಸಿದ್ದೀರಿ, ಅವುಗಳಲ್ಲಿ ಎಷ್ಟು ವಿಚಾರಣೆಯ ಹಂತದವರೆಗೆ ಹೋದವು, ಎಷ್ಟು ರಾಜಿಯಲ್ಲಿ ಮುಗಿದವು ಎಂದು ಕೇಳಿದರೆ ಅನುಭವವಿರುವವರು ಹೆಸರುಗಳನ್ನು ಬಿಟ್ಟುಕೊಡದೆಯೇ ವಿವರವಾಗಿ ಉತ್ತರಿಸುತ್ತಾರೆ. ಎಲ್ಲ ತರಹದ ಕೇಸೂ ನಡೆಸುತ್ತೇವೆ ಎಂಬ ಉತ್ತರ ಬಂದ ಕಡೆ ನಾನು ಹೆಚ್ಚು ಹೊತ್ತು ಕೂರಲಿಲ್ಲ.

ಈಗ ಮೊದಲ ಭೇಟಿಯ ವಿಷಯಕ್ಕೆ ಬರುತ್ತೇನೆ. ನಾನು ಕೊನೆಗೆ ಆರಿಸಿಕೊಂಡ ವಕೀಲರು, ನಾನು ಕಥೆ ಹೇಳಲು ಬಾಯಿ ತೆರೆಯುತ್ತಿದ್ದಂತೆ ಕೈ ಎತ್ತಿ ತಡೆದರು. ವಿಷಯ ಆಮೇಲೆ ಹೇಳಿ, ಎದುರು ಪಕ್ಷದವರು ಯಾರು ಯಾರು ಎಂಬುದನ್ನು ಮೊದಲು ಹೇಳಿ ಎಂದರು. ತೀರಿಕೊಂಡವರ ಹೆಸರು, ತಕರಾರು ಎತ್ತಿದವರ ಹೆಸರು, ಉಯಿಲಿಗೆ ಸಾಕ್ಷಿ ಹಾಕಿದವರ ಹೆಸರು, ಅದನ್ನು ಬರೆದುಕೊಟ್ಟವರ ಹೆಸರು ಎಲ್ಲವನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು, ಅದನ್ನು ಜೂನಿಯರ್ ಒಬ್ಬರ ಕೈಗೆ ಕೊಟ್ಟು ಕಚೇರಿಯ ಹಳೆಯ ಕಡತಗಳ ಪಟ್ಟಿಯೊಡನೆ ತಾಳೆ ನೋಡಿಸಿದರು. ಅವರಲ್ಲಿ ಯಾರಾದರೂ ಈ ಹಿಂದೆ ಇದೇ ಕಚೇರಿಯ ಕಕ್ಷಿದಾರರಾಗಿದ್ದರೆ ಹಿತಾಸಕ್ತಿಯ ಸಂಘರ್ಷ ಉಂಟಾಗುತ್ತದೆ. ಆಗ ನಮ್ಮ ಗುಟ್ಟನ್ನು ಕೇಳಿಸಿಕೊಂಡ ಮೇಲೆ ವಕಾಲತ್ತು ನಿರಾಕರಿಸಬೇಕಾಗಿ ಬರುವುದು ಇಬ್ಬರಿಗೂ ಕಷ್ಟ. ಉಳಿದ ಯಾವ ಕಚೇರಿಯಲ್ಲೂ ಈ ಪರಿಶೀಲನೆ ಮಾತಿಗೆ ಮೊದಲು ನಡೆಯಲಿಲ್ಲ. ನನ್ನ ಮಟ್ಟಿಗೆ ಇದೊಂದೇ ಸಂಗತಿ ಅವರ ಕಡೆಗೆ ತಕ್ಕಡಿಯನ್ನು ಬಹಳಷ್ಟು ವಾಲಿಸಿತು.

ಅವರ ಎರಡನೆಯ ಪ್ರಶ್ನೆ ದಿನಾಂಕಗಳ ಬಗ್ಗೆ ಇತ್ತು. ಅತ್ತೆ ತೀರಿಕೊಂಡದ್ದು ಯಾವಾಗ, ಎದುರು ಪಕ್ಷದ ನೋಟಿಸು ನಮ್ಮ ಕೈ ಸೇರಿದ್ದು ಯಾವ ದಿನ, ಅದರ ಲಕೋಟೆ ಉಳಿಸಿಕೊಂಡಿದ್ದೀರಾ ಎಂದು ಕೇಳಿದರು. ಯಾವ ದೇಶದ ಕಾನೂನಿನಲ್ಲಾದರೂ ದಾವೆ ಹೂಡುವುದಕ್ಕೆ, ಉತ್ತರ ಕೊಡುವುದಕ್ಕೆ, ಮೇಲ್ಮನವಿ ಸಲ್ಲಿಸುವುದಕ್ಕೆ ಕಾಲಮಿತಿ ಇರುತ್ತದೆ. ಆ ಮಿತಿ ದಾಟಿದರೆ ನ್ಯಾಯ ನಮ್ಮ ಕಡೆಗಿದ್ದರೂ ಕೈ ತಪ್ಪಿಹೋಗಬಹುದು. ಹಕ್ಕು ಯಾರದು ಎಂಬುದನ್ನು ಚರ್ಚಿಸುವ ಮೊದಲು ಸಮಯ ಎಷ್ಟು ಉಳಿದಿದೆ ಎಂದು ನೋಡುವ ವಕೀಲರು ಕೆಲಸ ಬಲ್ಲವರು. ಆಮೇಲೆ, ನನ್ನ ಜೊತೆಗೆ ಬಂದಿದ್ದ ಬಂಧುವನ್ನು ಸ್ವಲ್ಪ ಹೊತ್ತು ಹೊರಗೆ ಕುಳಿತುಕೊಳ್ಳುವಂತೆ ವಿನಯದಿಂದಲೇ ಕೇಳಿಕೊಂಡರು. ವಕೀಲರು ಮತ್ತು ಕಕ್ಷಿದಾರರ ನಡುವಿನ ಮಾತಿಗೆ ಕಾನೂನು ರಕ್ಷಣೆ ಕೊಡುತ್ತದೆ, ಆದರೆ ಮೂರನೆಯವರು ಕೋಣೆಯಲ್ಲಿದ್ದರೆ ಕೆಲವು ದೇಶಗಳಲ್ಲಿ ಆ ರಕ್ಷಣೆಯೇ ಹೋಗಬಹುದು; ಅಷ್ಟೇ ಅಲ್ಲದೆ ಆ ಬಂಧುವೇ ಮುಂದೆ ಸಾಕ್ಷಿಯಾಗಬೇಕಾಗಿ ಬರಬಹುದು ಎಂದು ಅವರು ಕಾರಣ ವಿವರಿಸಿದರು. ಹೊರಗೆ ಕಳುಹಿಸಿದ್ದಕ್ಕೆ ಬಂಧುವಿಗೆ ಬೇಸರವಾಯಿತು, ನನಗೆ ಮಾತ್ರ ನೆಮ್ಮದಿಯಾಯಿತು.

ಉಯಿಲನ್ನು ಓದಿದ ರೀತಿಯೂ ಗಮನಿಸುವಂತಿತ್ತು. ಉಳಿದವರು ಮೊದಲ ಪುಟ ತೆರೆದು ಯಾರಿಗೆ ಏನು ಬರೆದಿದೆ ಎಂದು ನೋಡಿದ್ದರು. ಇವರು ಕೊನೆಯ ಪುಟವನ್ನು ಮೊದಲು ತೆರೆದರು. ಅತ್ತೆಯ ರುಜು ಪ್ರತಿ ಪುಟದಲ್ಲೂ ಒಂದೇ ಬಗೆಯಾಗಿದೆಯೇ, ಸಾಕ್ಷಿಗಳು ಇಬ್ಬರಿದ್ದಾರೆಯೇ, ಸಾಕ್ಷಿಗಳ ರುಜುವಿನ ಕೆಳಗೆ ದಿನಾಂಕ ಇದೆಯೇ, ತಿದ್ದಿದ ಕಡೆ ಕಿರುರುಜು ಇದೆಯೇ ಎಂದು ಪೆನ್ಸಿಲ್ಲಿನ ಹಿಂಬದಿಯನ್ನು ಸಾಲುಗಳ ಮೇಲೆ ಸರಿಸುತ್ತಾ ನೋಡಿದರು; ಮೂಲ ದಾಖಲೆಯ ಮೇಲೆ ಒಂದು ಗೆರೆಯೂ ಬೀಳದಂತೆ ಎಚ್ಚರ ವಹಿಸಿದ್ದರು. ನಂತರ ಸಾಕ್ಷಿಗಳಲ್ಲಿ ಯಾರಿಗಾದರೂ, ಅಥವಾ ಅವರ ಗಂಡ ಹೆಂಡತಿಗೆ, ಉಯಿಲಿನಿಂದ ಏನಾದರೂ ಬರುತ್ತದೆಯೇ ಎಂದು ಕೇಳಿದರು. ಇಂಗ್ಲೆಂಡಿನ 1837ರ ವಿಲ್ಸ್ ಕಾಯ್ದೆಯಲ್ಲಿ ಸಾಕ್ಷಿಗೋ ಸಾಕ್ಷಿಯ ಸಂಗಾತಿಗೋ ಬರೆದುಕೊಟ್ಟ ಆಸ್ತಿ ಸಲ್ಲದು ಎಂಬ ನಿಯಮವೇ ಇದೆ. ಅಂಥ ನಿಯಮ ಅನ್ವಯವಾಗದ ಕಡೆಯಲ್ಲೂ ಹಿತಾಸಕ್ತಿಯುಳ್ಳ ಸಾಕ್ಷಿಯ ಮಾತನ್ನು ಎದುರು ವಕೀಲರು ಸುಮ್ಮನೆ ಬಿಡುವುದಿಲ್ಲ. ಓದಿ ಮುಗಿಸಿದ ಮೇಲೆ ಅವರು ಆಡಿದ ಮೊದಲ ಮಾತು ನಮ್ಮ ಪರವಾಗಿರಲಿಲ್ಲ. ಅತ್ತೆ ಕೊನೆಯ ವರ್ಷಗಳಲ್ಲಿ ಕಾಯಿಲೆಯಿಂದ ಮಲಗಿದ್ದರು, ಅವರನ್ನು ನೋಡಿಕೊಳ್ಳುತ್ತಿದ್ದವರಿಗೇ ಹೆಚ್ಚಿನ ಪಾಲು ಹೋಗಿದೆ, ಆದ್ದರಿಂದ ಅವರ ಬುದ್ಧಿ ಸ್ವಾಧೀನದಲ್ಲಿತ್ತೇ, ಯಾರ ಒತ್ತಡವೂ ಇರಲಿಲ್ಲವೇ ಎಂಬ ಎರಡು ಪ್ರಶ್ನೆಗಳನ್ನು ಎದುರು ಪಕ್ಷ ಎತ್ತಿಯೇ ಎತ್ತುತ್ತದೆ, ವೈದ್ಯರ ದಾಖಲೆ ಕೈಗೆ ಬರುವವರೆಗೆ ಗೆಲುವಿನ ಬಗ್ಗೆ ನಾನು ಏನೂ ಹೇಳಲಾರೆ ಎಂದರು.

ಇದಕ್ಕೆ ಹೋಲಿಸಿದರೆ, ಅದಕ್ಕೆ ಮೊದಲು ನಾನು ಕಂಡ ಒಂದು ದೊಡ್ಡ ಕಚೇರಿಯ ಅನುಭವ ಬೇರೆಯದೇ ಆಗಿತ್ತು. ಅಲ್ಲಿನ ಹಿರಿಯ ವಕೀಲರು ಉಯಿಲನ್ನು ಪೂರ್ತಿ ಓದದೆಯೇ ಇದು ಗೆಲ್ಲುವ ಕೇಸು, ಚಿಂತೆ ಬಿಡಿ ಎಂದು ಹೇಳಿ ಮುಂಗಡದ ಮೊತ್ತವನ್ನು ಗುಮಾಸ್ತರ ಬಳಿ ವಿಚಾರಿಸುವಂತೆ ಸೂಚಿಸಿದರು. ದುಃಖದಲ್ಲೂ ಆತಂಕದಲ್ಲೂ ಇರುವ ಮನೆಯವರಿಗೆ ಆ ಮಾತು ಎಷ್ಟು ಹಿತವಾಗಿರುತ್ತದೆ ಎಂಬುದು ನನಗೆ ಗೊತ್ತು, ಆದ್ದರಿಂದಲೇ ಇದನ್ನು ಬರೆಯುತ್ತಿದ್ದೇನೆ. ಸಾಕ್ಷ್ಯವನ್ನು ನೋಡದೆ ಫಲಿತಾಂಶದ ಖಾತರಿ ಕೊಡುವುದು ಯಾವ ವಕೀಲರಿಂದಲೂ ಸಾಧ್ಯವಿಲ್ಲ. ಕೊಡುವವರು ಒಂದೋ ಕೆಲಸವನ್ನು ಅರಿಯದವರು, ಇಲ್ಲವೇ ನಮ್ಮ ಆತಂಕವನ್ನು ಬಂಡವಾಳ ಮಾಡಿಕೊಳ್ಳುವವರು. ಇಬ್ಬರಿಂದಲೂ ದೂರವಿರುವುದು ಕ್ಷೇಮ.

ಇನ್ನೊಂದು ಪ್ರಶ್ನೆಯನ್ನು ಎಲ್ಲರೂ ಕೇಳಲೇಬೇಕು: ಕೆಲಸ ಮಾಡುವವರು ಯಾರು? ಬೋರ್ಡಿನ ಮೇಲಿರುವ ಹೆಸರನ್ನು ನಂಬಿ ನಾವು ಹೋಗುತ್ತೇವೆ, ದಾವೆಪತ್ರ ಬರೆಯುವವರು ಎರಡು ವರ್ಷದ ಅನುಭವವಿರುವ ಜೂನಿಯರ್ ಆಗಿರುತ್ತಾರೆ. ಇದರಲ್ಲಿ ತಪ್ಪೇನೂ ಇಲ್ಲ, ಹಿರಿಯರು ಅದನ್ನು ಓದಿ ತಿದ್ದುವುದಾದರೆ ಮತ್ತು ಶುಲ್ಕ ಅದಕ್ಕೆ ತಕ್ಕಂತಿದ್ದರೆ. ಸಾಕ್ಷಿಗಳ ವಿಚಾರಣೆಯ ದಿನ ನ್ಯಾಯಾಲಯದಲ್ಲಿ ನಿಲ್ಲುವವರು ಯಾರು, ನಾನು ಕರೆ ಮಾಡಿದರೆ ಮಾತನಾಡುವವರು ಯಾರು, ಎಷ್ಟು ದಿನದೊಳಗೆ ಉತ್ತರ ನಿರೀಕ್ಷಿಸಬಹುದು ಎಂಬುದನ್ನು ಮೊದಲೇ ಕೇಳಿ ತಿಳಿದುಕೊಂಡರೆ ಮುಂದಿನ ಮನಸ್ತಾಪಗಳು ಅರ್ಧಕ್ಕರ್ಧ ಕಡಿಮೆಯಾಗುತ್ತವೆ. ಈಗಿನ ದಿನಗಳಲ್ಲಿ ಕೃತಕ ಬುದ್ಧಿಮತ್ತೆಯ ಬಳಕೆಯ ಬಗ್ಗೆಯೂ ಕೇಳಬೇಕೆಂದು ನನ್ನ ಅಭಿಪ್ರಾಯ. 2023ರಲ್ಲಿ ನ್ಯೂಯಾರ್ಕಿನಲ್ಲಿ ಚಾಟ್‌ಜಿಪಿಟಿ ಹುಟ್ಟಿಸಿಕೊಟ್ಟ, ಎಲ್ಲಿಯೂ ಇಲ್ಲದ ತೀರ್ಪುಗಳನ್ನು ಉಲ್ಲೇಖಿಸಿದ ವಕೀಲರಿಗೆ ನ್ಯಾಯಾಲಯ ದಂಡ ವಿಧಿಸಿತು. ಮತಾ ಮತ್ತು ಏವಿಯಾಂಕಾ ವಿಮಾನ ಸಂಸ್ಥೆಯ ನಡುವಿನ ಆ ಪ್ರಕರಣದಲ್ಲಿ ದಂಡ ತೆತ್ತವರು ವಕೀಲರು, ಆದರೆ ವಿಮಾನದಲ್ಲಿ ಗಾಯವಾಯಿತೆಂದು ಪರಿಹಾರ ಕೇಳಿ ಹೋಗಿದ್ದ ಕಕ್ಷಿದಾರರ ದಾವೆಯೂ ವಜಾ ಆಯಿತು.

ಶುಲ್ಕದ ಮಾತು ಎತ್ತಲು ನಮ್ಮಲ್ಲಿ ಅನೇಕರಿಗೆ ನಾಚಿಕೆ, ವಕೀಲರಿಗೂ ಕೆಲವೊಮ್ಮೆ ಹಿಂಜರಿಕೆ. ಈ ಹಿಂಜರಿಕೆಯೇ ಮುಂದೆ ಜಗಳವಾಗುತ್ತದೆ. ಗಂಟೆಯ ಲೆಕ್ಕದ ಶುಲ್ಕ, ಇಡೀ ಕೆಲಸಕ್ಕೆ ಒಂದೇ ಮೊತ್ತ, ಹಂತ ಹಂತಕ್ಕೆ ಇಷ್ಟಿಷ್ಟು, ಗೆದ್ದರೆ ಸಿಕ್ಕ ಮೊತ್ತದಲ್ಲಿ ಪಾಲು ಎಂಬ ನಾಲ್ಕು ಬಗೆಗಳು ಸಾಮಾನ್ಯವಾಗಿ ಚಾಲ್ತಿಯಲ್ಲಿವೆ. ಕೊನೆಯದು ಕೇಳಲು ಆಕರ್ಷಕ, ಆದರೆ ಎಲ್ಲ ಕಡೆ ಸಲ್ಲುವುದಿಲ್ಲ. ಭಾರತದಲ್ಲಿ ಬಾರ್ ಕೌನ್ಸಿಲ್ ನಿಯಮಗಳು ಫಲಿತಾಂಶವನ್ನು ಅವಲಂಬಿಸಿದ ಶುಲ್ಕವನ್ನು ನಿಷೇಧಿಸಿವೆ. ಅಮೆರಿಕದಲ್ಲಿ ಅಪಘಾತ ಪರಿಹಾರದಂಥ ಪ್ರಕರಣಗಳಲ್ಲಿ ಅದು ಬಹಳ ಬಳಕೆಯಲ್ಲಿದ್ದರೂ, ಅಮೆರಿಕನ್ ಬಾರ್ ಅಸೋಸಿಯೇಷನ್ 1983ರಲ್ಲಿ ಅಂಗೀಕರಿಸಿದ ಮಾದರಿ ನಿಯಮಗಳು ಕ್ರಿಮಿನಲ್ ಪ್ರಕರಣಗಳಲ್ಲೂ ವಿಚ್ಛೇದನದ ಪ್ರಕರಣಗಳಲ್ಲೂ ಅದನ್ನು ಒಪ್ಪುವುದಿಲ್ಲ, ಒಪ್ಪುವ ಕಡೆಯೂ ಕಕ್ಷಿದಾರರ ರುಜುವಿರುವ ಲಿಖಿತ ಒಪ್ಪಂದ ಬೇಕೆನ್ನುತ್ತವೆ. ಹಾಗಾಗಿ ನಮ್ಮ ನೆಲದ ನಿಯಮ ನಿಷೇಧಿಸಿದ ಕಡೆ ಯಾರಾದರೂ ಪಾಲಿನ ಲೆಕ್ಕದಲ್ಲಿ ಕೇಸು ನಡೆಸುವುದಾಗಿ ಹೇಳಿದರೆ ಅದನ್ನು ಉಪಕಾರವೆಂದು ತಿಳಿಯಬಾರದು. ತಮ್ಮ ವೃತ್ತಿಯ ನಿಯಮವನ್ನೇ ಮೊದಲ ದಿನ ಬದಿಗಿಡುವವರು ನಮ್ಮ ಹಣವನ್ನೂ ದಾಖಲೆಗಳನ್ನೂ ಯಾವ ಎಚ್ಚರದಿಂದ ಕಾಪಾಡುತ್ತಾರೆ?

ನಮ್ಮ ವಕೀಲರು ಹಂತವಾರು ಶುಲ್ಕವನ್ನು ಸೂಚಿಸಿದರು: ದಾಖಲೆ ಪರಿಶೀಲಿಸಿ ಅಭಿಪ್ರಾಯ ಬರೆದುಕೊಡುವುದಕ್ಕೆ ಒಂದು, ಉತ್ತರ ಸಲ್ಲಿಸುವುದಕ್ಕೆ ಒಂದು, ವಿಚಾರಣೆಗೆ ಬೇರೊಂದು, ನಡುವೆ ರಾಜಿಯಾದರೆ ಮುಂದಿನ ಹಂತಗಳ ಶುಲ್ಕ ಇಲ್ಲ. ಈ ಕೊನೆಯ ಷರತ್ತು ಮುಖ್ಯವಾದದ್ದು, ಏಕೆಂದರೆ ರಾಜಿಯಾದರೂ ಪೂರ್ತಿ ಶುಲ್ಕ ಕೊಡಬೇಕೆಂದಿದ್ದರೆ ಕಕ್ಷಿದಾರರಿಗೆ ರಾಜಿಯ ಕಡೆ ಮನಸ್ಸೇ ಬರುವುದಿಲ್ಲ. ವಕೀಲರ ಶುಲ್ಕದ ಹೊರಗಿನ ಖರ್ಚುಗಳನ್ನೂ ಅವರು ಎತ್ತಿ ಹೇಳಿದರು. ನ್ಯಾಯಾಲಯದ ಶುಲ್ಕ, ಕೈಬರಹ ತಜ್ಞರ ವರದಿ, ದಾಖಲೆಗಳ ದೃಢೀಕೃತ ಪ್ರತಿ, ಅನುವಾದ ಇವೆಲ್ಲ ಸೇರಿ ಕೆಲವೊಮ್ಮೆ ಶುಲ್ಕವನ್ನೂ ಮೀರಬಹುದು. ಸೋತರೆ ಎದುರು ಪಕ್ಷದ ಖರ್ಚನ್ನೂ ನಾವು ಹೊರಬೇಕೇ ಎಂಬುದು ಮತ್ತೊಂದು ಪ್ರಶ್ನೆ. ಇಂಗ್ಲೆಂಡಿನಲ್ಲಿ ಸೋತವರು ಗೆದ್ದವರ ಖರ್ಚನ್ನು ಕೊಡುವುದು ಸಾಮಾನ್ಯ ನಿಯಮ, ಅಮೆರಿಕದಲ್ಲಿ ಅವರವರ ಖರ್ಚು ಅವರವರದು. ಈ ಪ್ರಶ್ನೆಗೆ ಉತ್ತರ ಗೊತ್ತಿಲ್ಲದೆ ಮೊಕದ್ದಮೆ ಹೂಡುವುದು ಸಾಲದ ಬಡ್ಡಿದರ ಕೇಳದೆ ಪತ್ರಕ್ಕೆ ರುಜು ಹಾಕಿದಂತೆ.

ಒಪ್ಪಿಕೊಂಡದ್ದೆಲ್ಲವನ್ನೂ ಅವರು ಎರಡು ಪುಟದ ಪತ್ರದಲ್ಲಿ ಬರೆದುಕೊಟ್ಟರು, ಮತ್ತು ಈ ಇಡೀ ಸೇವೆಯಲ್ಲಿ ನನಗೆ ಅತ್ಯಂತ ಬೆಲೆಬಾಳುವುದೆನಿಸಿದ್ದು ಆ ಪತ್ರವೇ. ಯಾವ ಕೆಲಸ ವಹಿಸಿಕೊಂಡಿದ್ದೇವೆ ಎಂಬುದರ ಜೊತೆಗೆ ಯಾವುದನ್ನು ವಹಿಸಿಕೊಂಡಿಲ್ಲ ಎಂಬುದೂ ಅದರಲ್ಲಿತ್ತು: ಮೇಲ್ಮನವಿ ಈ ಶುಲ್ಕದಲ್ಲಿ ಸೇರಿಲ್ಲ, ತೆರಿಗೆಯ ಸಲಹೆ ಬೇರೆಯವರಿಂದ ಪಡೆಯಬೇಕು ಎಂದು ಸ್ಪಷ್ಟವಾಗಿ ಬರೆದಿದ್ದರು. ಮುಂಗಡವಾಗಿ ಕೊಟ್ಟ ಹಣದಲ್ಲಿ ಖರ್ಚಾಗದೆ ಉಳಿದದ್ದು ಹಿಂತಿರುಗುತ್ತದೆ ಎಂಬ ಸಾಲೂ ಇತ್ತು. ಕಕ್ಷಿದಾರರ ಹಣವನ್ನು ವಕೀಲರು ತಮ್ಮ ಹಣದೊಡನೆ ಬೆರೆಸದೆ ಪ್ರತ್ಯೇಕ ಖಾತೆಯಲ್ಲಿ ಇಡಬೇಕೆಂಬುದು ಇಂಗ್ಲೆಂಡ್, ಅಮೆರಿಕ ಮೊದಲಾದ ದೇಶಗಳಲ್ಲಿ ಕಟ್ಟುನಿಟ್ಟಿನ ನಿಯಮ. ಅದನ್ನು ಮೀರಿದವರು ಸನ್ನದನ್ನೇ ಕಳೆದುಕೊಂಡ ಉದಾಹರಣೆಗಳಿವೆ. ಶುಲ್ಕದ ಒಪ್ಪಂದ ಲಿಖಿತವಾಗಿರಬೇಕೆಂದು ಫ್ರಾನ್ಸ್ 2015ರಲ್ಲಿ ಕಾನೂನಿನಲ್ಲೇ ಹೇಳಿತು. ಮನೆ ಖರೀದಿ, ವಿವಾದವಿಲ್ಲದ ಉಯಿಲಿಗೆ ನ್ಯಾಯಾಲಯದ ಮಾನ್ಯತೆ ಪಡೆಯುವ ಪ್ರೊಬೇಟಿನಂಥ ಕೆಲಸಗಳ ದರವನ್ನು ಸಾಲಿಸಿಟರುಗಳ ಸಂಸ್ಥೆಗಳು ಬಹಿರಂಗವಾಗಿ ಪ್ರಕಟಿಸಬೇಕೆಂಬ ನಿಯಮ ಇಂಗ್ಲೆಂಡಿನಲ್ಲಿ 2018ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ನಿಯಮ ಇರಲಿ ಇಲ್ಲದಿರಲಿ, ಬರೆದುಕೊಡಿ ಎಂದು ಕೇಳುವುದಕ್ಕೆ ಎಲ್ಲಿಯೂ ಅಡ್ಡಿಯಿಲ್ಲ. ಕೇಳಿದಾಗ ಮುಖ ಗಂಟಿಕ್ಕುವವರನ್ನು, ನಮ್ಮ ಮೇಲೆ ನಂಬಿಕೆ ಇಲ್ಲವೇ ಎನ್ನುವವರನ್ನು ನಾನು ನಮಸ್ಕರಿಸಿ ಬಿಟ್ಟುಬಂದೆ.

ಈ ಎಚ್ಚರಿಕೆಯೆಲ್ಲ ಮೊದಲೇ ಬೇಕು ಎನ್ನುವುದಕ್ಕೆ ಗಟ್ಟಿಯಾದ ಕಾರಣವಿದೆ. ಬೇರೆ ಸೇವೆಗಳಲ್ಲಿ ಕೊರತೆಯಾದರೆ ಗ್ರಾಹಕ ನ್ಯಾಯಾಲಯಕ್ಕೆ ಹೋಗುವಂತೆ ವಕೀಲರ ವಿಷಯದಲ್ಲಿ ಎಲ್ಲ ಕಡೆ ಹೋಗಲಾಗುವುದಿಲ್ಲ. ವಕೀಲರ ಸೇವೆ ಗ್ರಾಹಕ ಸಂರಕ್ಷಣಾ ಕಾಯ್ದೆಯ ವ್ಯಾಪ್ತಿಗೆ ಬರುವುದಿಲ್ಲ ಎಂದು ಭಾರತದ ಸುಪ್ರೀಂ ಕೋರ್ಟ್ 2024ರ ಮೇ ತಿಂಗಳಲ್ಲಿ ತೀರ್ಪು ಕೊಟ್ಟಿತು. ಅಲ್ಲಿ ದುರ್ನಡತೆಯ ದೂರನ್ನು ರಾಜ್ಯದ ಬಾರ್ ಕೌನ್ಸಿಲ್‌ಗೆ ಕೊಡಬೇಕು, ನಷ್ಟಪರಿಹಾರ ಬೇಕಾದರೆ ಸಿವಿಲ್ ನ್ಯಾಯಾಲಯಕ್ಕೆ ಹೋಗಬೇಕು. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ 2010ರಿಂದ ಲೀಗಲ್ ಓಂಬುಡ್ಸ್‌ಮನ್ ಎಂಬ ಪ್ರತ್ಯೇಕ ವ್ಯವಸ್ಥೆ ಸೇವೆಯ ಕೊರತೆಯ ದೂರುಗಳನ್ನು ವಿಚಾರಿಸುತ್ತದೆ. ಒಬ್ಬ ಕಕ್ಷಿದಾರನಾಗಿ ನನಗೆ ಎರಡನೆಯ ಏರ್ಪಾಡೇ ನ್ಯಾಯವಾದದ್ದೆಂದು ತೋರುತ್ತದೆ. ದುರ್ನಡತೆ ಮತ್ತು ಕಳಪೆ ಸೇವೆ ಒಂದೇ ಅಲ್ಲ. ಫೋನಿಗೆ ಉತ್ತರಿಸದಿರುವುದು, ಮುಂದಿನ ವಾಯಿದೆಯ ದಿನವನ್ನು ತಿಳಿಸದಿರುವುದು ಶಿಸ್ತುಕ್ರಮದ ಮಟ್ಟಕ್ಕೆ ಏರದಿದ್ದರೂ ಕಕ್ಷಿದಾರರ ಬದುಕನ್ನು ಹಿಂಡುವ ಸಂಗತಿಗಳೇ, ಅವುಗಳಿಗೆ ಸುಲಭವಾದ ಪರಿಹಾರದ ದಾರಿ ಇರಬೇಕು.

ಶುಲ್ಕ ಭರಿಸಲಾಗದವರು ಅರ್ಹ ವಕೀಲರ ಆಸೆಯನ್ನೇ ಬಿಡಬೇಕಾಗಿಲ್ಲ. ಗಂಭೀರ ಅಪರಾಧದ ಆರೋಪ ಹೊತ್ತ ಬಡವರಿಗೆ ಸರ್ಕಾರವೇ ವಕೀಲರನ್ನು ಒದಗಿಸಬೇಕೆಂದು ಅಮೆರಿಕದ ಸುಪ್ರೀಂ ಕೋರ್ಟ್ 1963ರ ಗಿಡಿಯನ್ ತೀರ್ಪಿನಲ್ಲಿ ಹೇಳಿತು. ಭಾರತದ 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆ ಸಿವಿಲ್ ಪ್ರಕರಣಗಳಿಗೂ ಉಚಿತ ನೆರವು ಕೊಡುತ್ತದೆ. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಬಂಧನದಲ್ಲಿರುವವರು ಆದಾಯದ ಮಿತಿಯಿಲ್ಲದೆ ಅದಕ್ಕೆ ಅರ್ಹರು. ಉಚಿತವಾಗಿ ಸಿಕ್ಕ ವಕೀಲರನ್ನೂ ಮೇಲೆ ಹೇಳಿದ ಪ್ರಶ್ನೆಗಳನ್ನೆಲ್ಲ ಕೇಳುವ ಹಕ್ಕು ಕಕ್ಷಿದಾರರಿಗೆ ಇದ್ದೇ ಇದೆ.

ನಮ್ಮ ವಕೀಲರ ಸೇವೆಯಲ್ಲಿ ಕೊರತೆಯೇ ಇರಲಿಲ್ಲವೆಂದಲ್ಲ. ಅವರ ಕಚೇರಿಯಿಂದ ಲಿಖಿತ ಅಭಿಪ್ರಾಯ ಬರುವುದು ಹೇಳಿದ್ದಕ್ಕಿಂತ ತಡವಾಯಿತು, ನೆನಪಿಸಬೇಕಾಯಿತು. ಅಭಿಪ್ರಾಯದ ಭಾಷೆ ಕಾನೂನು ಓದದವರಿಗೆ ಕಠಿಣವಾಗಿತ್ತು, ಕುಳಿತು ವಿವರಿಸಿಕೊಂಡ ಮೇಲಷ್ಟೇ ಅರ್ಥವಾಯಿತು. ಆದರೆ ವೈದ್ಯಕೀಯ ದಾಖಲೆಗಳು ಬಂದ ಮೇಲೆ ಅವರು ನಮ್ಮ ಪಕ್ಷದ ಬಲವನ್ನೂ ದೌರ್ಬಲ್ಯವನ್ನೂ ಮತ್ತೊಮ್ಮೆ ತೂಗಿ, ವಿಚಾರಣೆ ಪೂರ್ತಿ ನಡೆದರೆ ಅವರ ಶುಲ್ಕ ಹೆಚ್ಚುತ್ತಿದ್ದರೂ, ಮಧ್ಯಸ್ಥಿಕೆಯ ಮೂಲಕ ಮುಗಿಸಿಕೊಳ್ಳುವಂತೆ ಸಲಹೆ ಕೊಟ್ಟರು. ಎದುರು ಪಕ್ಷವೂ ಒಪ್ಪಿ, ಅತ್ತೆಯ ಇಚ್ಛೆಯ ಮುಖ್ಯ ಭಾಗ ಉಳಿಯುವಂತೆ ತಕರಾರು ಇತ್ಯರ್ಥವಾಯಿತು. ತಮ್ಮ ಲಾಭಕ್ಕೆ ವಿರುದ್ಧವಾದ ಸಲಹೆಯನ್ನು ಕೊಡಬಲ್ಲವರು ಎಂಬ ಒಂದೇ ಕಾರಣಕ್ಕೂ ನಾನು ಅವರನ್ನು ಬೇರೆಯವರಿಗೆ ಧೈರ್ಯವಾಗಿ ಸೂಚಿಸಬಲ್ಲೆ.

ಕೆಲಸ ಮುಗಿದಾಗಲಿ, ನಡುವೆ ವಕೀಲರನ್ನು ಬದಲಿಸುವಾಗಾಗಲಿ, ಮೂಲ ದಾಖಲೆಗಳನ್ನು ಹಿಂದಕ್ಕೆ ಪಡೆಯುವುದು ಮರೆಯಬಾರದ ಹಂತ. ಕಡತ ಕಕ್ಷಿದಾರರದು. ಶುಲ್ಕ ಬಾಕಿಯಿದೆ ಎಂಬ ಕಾರಣಕ್ಕೆ ವಕೀಲರು ಕಡತವನ್ನು ಹಿಡಿದಿಟ್ಟುಕೊಳ್ಳುವಂತಿಲ್ಲ ಎಂದು ಭಾರತದ ಸುಪ್ರೀಂ ಕೋರ್ಟ್ 2000ದಲ್ಲಿ ಆರ್.ಡಿ. ಸಕ್ಸೇನಾ ಪ್ರಕರಣದಲ್ಲಿ ತೀರ್ಮಾನಿಸಿತು. ಆದರೆ ಬೇರೆ ಕೆಲವು ಕಡೆ, ಬಾಕಿ ತೀರುವವರೆಗೆ ಕಡತವನ್ನು ಇಟ್ಟುಕೊಳ್ಳುವ ಹಕ್ಕನ್ನು ವಕೀಲರಿಗೆ ಸೀಮಿತವಾಗಿ ಒಪ್ಪಿಕೊಂಡ ಕಾನೂನೂ ಇದೆ. ಆದ್ದರಿಂದ ದಾಖಲೆ ಕೊಡುವ ದಿನವೇ ಯಾವ ಯಾವ ಮೂಲ ಕಾಗದ ಕೊಟ್ಟಿದ್ದೇವೆ ಎಂಬ ಪಟ್ಟಿ ಮಾಡಿ, ಅದರ ಮೇಲೆ ಕಚೇರಿಯ ರುಜು ಪಡೆದು, ಎಲ್ಲ ಪುಟಗಳ ಪ್ರತಿಯನ್ನು ಮನೆಯಲ್ಲಿ ಇಟ್ಟುಕೊಳ್ಳಬೇಕು. ನಮ್ಮ ವಕೀಲರ ಕಚೇರಿಯಲ್ಲಿ ಆ ಪಟ್ಟಿಯನ್ನು ಅವರೇ ಸಿದ್ಧಪಡಿಸಿ ಕೊಟ್ಟರು, ಪ್ರಕರಣ ಮುಗಿದ ಮೇಲೆ ಅದೇ ಪಟ್ಟಿಯ ಸಾಲು ಸಾಲಿಗೆ ಗುರುತು ಹಾಕಿಸಿಕೊಂಡು ಉಳಿದ ಮುಂಗಡದ ಲೆಕ್ಕದೊಡನೆ ಎಲ್ಲವನ್ನೂ ಹಿಂತಿರುಗಿಸಿದರು.